ತೆಂಕಲ ಬಾಗಿಲು ಮುಚ್ಚಿದ ಮನೆ: ನಮ್ಮ ನಾಲ್ಕು ತಾಲ್ಲೂಕುಗಳ ದಿಕ್ಕಿನ ಕಥೆ

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನ ಮನೆಗೆ ಕಳೆದ ಯುಗಾದಿಗೆ ಹೋದಾಗ ಬಾಗಿಲು ಎಲ್ಲಿದೆ ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ. ಬೀದಿಗೆ ಮುಖ ಮಾಡಿದ್ದ, ಎರಡೂ ಕಡೆ ಜಗಲಿಯಿದ್ದ ದೊಡ್ಡ ಬಾಗಿಲಿನ ಜಾಗದಲ್ಲಿ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತ್ತು. ಒಳಗೆ ಹೋಗಲು ಪಕ್ಕದ ಮನೆಯ ಕೊಟ್ಟಿಗೆ ಸಂದಿಯಲ್ಲಿ ಬಳಸಿಕೊಂಡು ಹಿಂದಕ್ಕೆ ಹೋಗಬೇಕು.

"ಅದ್ಯಾಕ್ ದೊಡ್ಡಪ್ಪ ಮುಚ್ಚುಸ್ಬುಟ್ರಿ?" ಅಂದೆವು.

"ತೆಂಕಲ ಬಾಗ್ಲು ಕಣ್ ಮಗ. ಯಮನ ದಿಕ್ಕಂತೆ. ಎಲ್ಡು ಬೋರು ಫೇಲಾದ್ವು, ಹಸ ಸತ್ತೋಯ್ತು. ವಾಸ್ತು ನೋಡೋರು ಬಂದು ಬಾಗ್ಲೇ ಸರಿ ಇಲ್ಲ ಅಂದ್ರು."

ಹಳೆ ಬಾಗಿಲು ಕಿತ್ತು, ಗೋಡೆ ಒಡೆದು, ಹಿಂದುಗಡೆ ಹೊಸ ಬಾಗಿಲು ಇಟ್ಟು, ಒಲೆ ಜಾಗ ಬದಲಿಸುವಷ್ಟರಲ್ಲಿ ಒಂದು ಲಕ್ಷ ದಾಟಿತ್ತು. ಅರ್ಧ ದುಡ್ಡು ದೊಡ್ಡಮ್ಮ ಸಂಘದಲ್ಲಿ ಎತ್ತಿದ ಸಾಲ. ಮೂರನೇ ಬೋರೂ ಫೇಲಾಯಿತು. ಮನೆಯೊಳಗೆ ಹಗಲಲ್ಲೇ ಲೈಟು ಹಾಕಬೇಕು. ಜಗಲಿ ಮೇಲೆ ಕೂರುವವರಿಲ್ಲ, ಯಾಕಂದರೆ ಅದರ ಹಿಂದೆ ಈಗ ಬಾಗಿಲೇ ಇಲ್ಲ.

ಆ ಮನೆ ಕಟ್ಟಿದ್ದು ನಮ್ಮ ತಾತ. ಅವರೇನು ದೇವರು ದಿಂಡರು ಇಲ್ಲದವರಲ್ಲ. ಗುದ್ದಲಿ ಪೂಜೆ ಮಾಡಿಸಿ, ಆಯ ನೋಡಿಸಿ, ಒಳ್ಳೆ ಗಳಿಗೆಯಲ್ಲಿ ಹೊಸಿಲು ಇಡಿಸಿದವರು. ಅವರಿಗೆ ಕಾಣದ ದೋಷ ನಮಗೆ ಯಾವಾಗಿನಿಂದ ಕಾಣತೊಡಗಿತು? ಈ ಪ್ರಶ್ನೆ ಇಟ್ಟುಕೊಂಡು ನಾವು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳೆ ಮನೆ, ಹಳೆ ಗುಡಿ, ಹಳೆ ಊರುಗಳನ್ನು ಮತ್ತೊಮ್ಮೆ ನೋಡಿದೆವು. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಳೆ ಮನೆ ಯಾವ ದಿಕ್ಕಿಗೆ ನೋಡುತ್ತಿತ್ತು?

ಬೀದಿಯ ದಿಕ್ಕಿಗೆ. ಇದು ಮೊದಲ ಉತ್ತರ, ಬಹಳ ಸಲ ಇದೇ ಕೊನೆಯ ಉತ್ತರ.

ನಾಗಮಂಗಲದ ಸೌಮ್ಯಕೇಶವ ದೇವಸ್ಥಾನದ ಸುತ್ತ ನಡೆದು ನೋಡಿ. ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿ ಸುತ್ತಿನಲ್ಲೂ ನೋಡಿ. ಗುಡಿಯನ್ನು ಸುತ್ತಿ ಬೀದಿ ಹೋದಾಗ ನಾಲ್ಕೂ ಕಡೆ ಬೀದಿ ಆಗುತ್ತದೆ. ಒಂದೊಂದು ಬೀದಿಗೆ ಎರಡು ಸಾಲು ಮನೆ ಎದ್ದರೆ ಒಂದು ಸಾಲಿನ ಬಾಗಿಲು ಮೂಡಲಿಗೆ, ಎದುರು ಸಾಲಿನದು ಪಡುವಲಿಗೆ. ಇನ್ನೊಂದು ಬೀದಿಯಲ್ಲಿ ಬಡಗಲಿಗೆ, ತೆಂಕಲಿಗೆ. ತೇರು ಎಳೆಯುವ ಬೀದಿಯಲ್ಲಿ ಮನೆ ಸಿಕ್ಕಿದರೆ ಸಾಕು ಎಂದಿದ್ದ ಜನ ತೆಂಕಲ ಬಾಗಿಲು ಅಂತ ಜಾಗ ಬಿಟ್ಟು ಓಡಿಹೋಗಲಿಲ್ಲ. ಹಾಗೆ ಓಡಿದ್ದರೆ ಪ್ರತಿ ಊರಿನಲ್ಲೂ ಒಂದು ಸಾಲು ಖಾಲಿ ಬಿದ್ದಿರಬೇಕಿತ್ತು.

ಎರಡನೆಯದು, ನಮ್ಮ ಸೀಮೆಯ ತೊಟ್ಟಿ ಮನೆಯ ನಿಜವಾದ ಮುಖ ಹೊರಗಿರಲಿಲ್ಲ, ಒಳಗಿತ್ತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಪಡಸಾಲೆ, ಪಡಸಾಲೆಯ ಹಿಂದೆ ಕೋಣೆಗಳು. ಬಾಗಿಲು ಯಾವ ಕಡೆಗಿದ್ದರೂ ಬೆಳಕು ಮೇಲಿನಿಂದ ಬರುತ್ತಿತ್ತು. ಬೆಳಿಗ್ಗೆ ಬಿಸಿಲು ಪಡುವಲ ಪಡಸಾಲೆಗೆ, ಸಂಜೆ ಬಿಸಿಲು ಮೂಡಲ ಪಡಸಾಲೆಗೆ. ಅಜ್ಜಿ ಮಧ್ಯಾಹ್ನದ ಹೊತ್ತು ರಾಗಿ ಕೇರಲು ಯಾವ ಕಡೆ ಕೂರಬೇಕು ಅನ್ನುವುದನ್ನು ನೆರಳೇ ಹೇಳುತ್ತಿತ್ತು. ಮನೆ ಎಲ್ಲ ದಿಕ್ಕಿಗೂ ತೆರೆದಿದ್ದಾಗ ಒಂದು ದಿಕ್ಕಿನ ಭಯ ಅಷ್ಟಾಗಿ ಕಾಡುವುದಿಲ್ಲ.

ಮೂರನೆಯದು ನೆಲ. ನಮ್ಮ ಹಿರಿಯರು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ಜಾಗ ನೋಡುತ್ತಿದ್ದದ್ದು ಹಗೇವು ತೋಡುವಾಗ. ರಾಗಿ ತುಂಬಿಡುವ ನೆಲದೊಳಗಿನ ಆ ಹಗೇವಿಗೆ ನೀರು ಜಿನುಗಿದರೆ ವರ್ಷದ ಕೂಳು ಹೋಯಿತು. ಹಾಗಾಗಿ ಊರಿನ ದಿಬ್ಬ ಎಲ್ಲಿ, ಗಟ್ಟಿ ನೆಲ ಎಲ್ಲಿ, ಮಳೆ ನೀರು ಯಾವ ಕಡೆ ಹರಿದುಹೋಗುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಕೆರೆ ಅಚ್ಚುಕಟ್ಟಿನಲ್ಲಿ ಮನೆ ಕಟ್ಟಬಾರದು, ಕೋಡಿ ಹಳ್ಳದ ದಾರಿಗೆ ಅಡ್ಡ ನಿಲ್ಲಬಾರದು ಅನ್ನುವುದೂ ಅದೇ ಪಾಠ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಏರಿ ಮೇಲೆ ನಿಂತರೆ ಈ ಪಾಠ ಕಣ್ಣಿಗೇ ಕಾಣುತ್ತದೆ. ಬೆಟ್ಟಗಳ ನಡುವೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂದು ಗೊತ್ತುಮಾಡಿಕೊಂಡ ಮೇಲೆ ಗದ್ದೆ, ಅದಾದಮೇಲೆ ಮನೆ.

ದೇವರೂ ತೆಂಕಲಿಗೆ ನೋಡುತ್ತಾನೆ

"ಮನೆ ಬಿಡಿ, ದೇವಸ್ಥಾನ ಎಲ್ಲ ಮೂಡಲಿಗೇ ಅಲ್ಲವಾ?" ಎಂದು ಒಬ್ಬರು ನಮ್ಮನ್ನು ಕೇಳಿದರು. ಬಹಳ ಗುಡಿಗಳು ಮೂಡಲಿಗೆ ಇರುವುದು ನಿಜ. ಆದರೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋಗಿ ನೋಡಿ.

ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ 13ನೇ ಶತಮಾನದ ಹೊಯ್ಸಳರ ಕಾಲದ್ದು. ಇದು ತ್ರಿಕೂಟ, ಅಂದರೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ. ನಡುವಿನ ದೇವರು ಮೂಡಲಿಗೆ ನೋಡುತ್ತಾನೆ. ಉಳಿದ ಇಬ್ಬರು ಎಡಬಲದಲ್ಲಿ ಎದುರುಬದುರಾಗಿ ನಿಂತಿದ್ದಾರೆ. ಒಬ್ಬನ ಮುಖ ಬಡಗಲಿಗೆ ಇದ್ದಮೇಲೆ ಇನ್ನೊಬ್ಬನ ಮುಖ ತೆಂಕಲಿಗೇ ಇರಬೇಕು. ಕಲ್ಲಿನಲ್ಲಿ ಕೂದಲೆಳೆಯಷ್ಟು ಲೆಕ್ಕ ತಪ್ಪದೆ ಕೆತ್ತಿದ ಆ ಶಿಲ್ಪಿಗಳಿಗೆ ವಾಸ್ತು ಗೊತ್ತಿರಲಿಲ್ಲ ಅನ್ನುವ ಧೈರ್ಯ ನಮಗಿಲ್ಲ.

ನಮ್ಮ ಶ್ರೀರಂಗಪಟ್ಟಣದ ರಂಗನಾಥನನ್ನು ಆದಿರಂಗ ಅನ್ನುತ್ತೇವೆ. ಅದೇ ಕಾವೇರಿಯ ಕೆಳಗೆ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಆ ಶ್ರೀರಂಗದ ರಂಗನಾಥ ಮಲಗಿರುವುದು ತೆಂಕಲಿಗೆ ಮುಖಮಾಡಿ. ವಿಭೀಷಣನ ಲಂಕೆಯ ಕಡೆ ನೋಡುತ್ತಿದ್ದಾನೆ ಎಂದು ಸ್ಥಳಪುರಾಣ ಹೇಳುತ್ತದೆ. ದೇಶದ ಅತಿ ದೊಡ್ಡ ದೇವಸ್ಥಾನಗಳಲ್ಲಿ ಒಂದರ ದೇವರಿಗೆ ಆಗಿಬಂದ ದಿಕ್ಕು ನಮ್ಮ ದೊಡ್ಡಪ್ಪನಿಗೆ ಆಗಲಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿ ಇದೆ. ಮೂಡಲಿಗೆ ಹರಿಯುವ ಕಾವೇರಿ ಅಲ್ಲಿ ಸ್ವಲ್ಪ ದೂರ ಪಡುವಲಿಗೆ ತಿರುಗುತ್ತಾಳೆ. 'ನೀರು ಮೂಡಲಿಗೋ ಬಡಗಲಿಗೋ ಹರಿಯಬೇಕು' ಅನ್ನುವ ಇಂದಿನ ನಿಯಮ ಇಟ್ಟುಕೊಂಡರೆ ಅದು ದೋಷದ ಜಾಗ. ನಮ್ಮ ಜನಕ್ಕೆ ಮಾತ್ರ ಅದೇ ಪುಣ್ಯದ ಜಾಗ. ಹಿರಿಯರ ಅಸ್ಥಿ ಬಿಡುವುದು ಅಲ್ಲೇ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲಿ ಬಿಟ್ಟರು.

ಹಳೆ ಪುಸ್ತಕ ಏನು ಹೇಳುತ್ತದೆ?

ಹಾಗಾದರೆ ಶಾಸ್ತ್ರದಲ್ಲಿ ಇರುವುದೇನು? ವಾಸ್ತುವಿನ ಬಗ್ಗೆ ಮಾತಾಡುವ ಹಳೆ ಗ್ರಂಥಗಳಲ್ಲಿ ಮುಖ್ಯವಾದದ್ದು ವರಾಹಮಿಹಿರನ 'ಬೃಹತ್ಸಂಹಿತೆ'. 6ನೇ ಶತಮಾನದ್ದು. ಅದರಲ್ಲಿ ಮನೆ ಕಟ್ಟುವ ವಿಷಯಕ್ಕೇ ಒಂದು ದೊಡ್ಡ ಅಧ್ಯಾಯ ಇದೆ.

ಅದರಲ್ಲಿ ನಮಗೆ ಬಹಳ ಹಿಡಿಸಿದ್ದು ನೆಲದ ಪರೀಕ್ಷೆ. ಒಂದು ಮೊಳ ಆಳದ ಗುಂಡಿ ತೆಗೆದು, ಅದೇ ಮಣ್ಣನ್ನು ಮತ್ತೆ ತುಂಬಿ. ಮಣ್ಣು ಉಳಿದರೆ ಒಳ್ಳೆ ನೆಲ, ಸರಿಹೋದರೆ ಸಾಧಾರಣ, ಸಾಲದೆ ಹೋದರೆ ಕೆಟ್ಟ ನೆಲ. ಇನ್ನೊಂದು, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಹಿಂದಿರುಗಿ. ನೀರು ಇಳಿಯದೆ ಹಾಗೇ ಇದ್ದರೆ ನೆಲ ಗಟ್ಟಿ ಎಂದರ್ಥ. ಇವತ್ತು ಇಂಜಿನಿಯರು ಪಾಯ ತೆಗೆಯುವ ಮುಂಚೆ ಮಣ್ಣು ನೋಡುತ್ತಾರಲ್ಲ, ಅದರ ಹಳೆಯ ರೂಪ ಇದು. ಸಡಿಲ ಮಣ್ಣಿನ ಮೇಲೆ, ತುಂಬಿಸಿದ ಹಳ್ಳದ ಮೇಲೆ ಕಟ್ಟಿದ ಗೋಡೆ ಸೀಳುತ್ತದೆ, ಬಾಗಿಲು ಯಾವ ಕಡೆ ಇದ್ದರೂ ಸರಿ.

ಬಾಗಿಲಿನ ವಿಚಾರದಲ್ಲಿ ಆ ಗ್ರಂಥ ಮನೆಯ ಸುತ್ತಳತೆಯನ್ನು 32 ಭಾಗ ಮಾಡುತ್ತದೆ, ಒಂದು ಕಡೆಗೆ ಎಂಟರಂತೆ. ಪ್ರತಿಯೊಂದು ಭಾಗದಲ್ಲಿ ಬಾಗಿಲಿಟ್ಟರೆ ಏನು ಫಲ ಎಂದು ಹೇಳುತ್ತದೆ. ಮೂಡಲಲ್ಲೂ ಕೆಟ್ಟ ಫಲದ ಭಾಗಗಳಿವೆ, ತೆಂಕಲಲ್ಲೂ ಒಳ್ಳೆ ಫಲದ ಭಾಗವಿದೆ. ಒಂದು ಇಡೀ ದಿಕ್ಕನ್ನೇ ಗೋಡೆ ಹಾಕಿ ಮುಚ್ಚಿ ಎನ್ನುವ ಮಾತು ಅಲ್ಲಿಲ್ಲ.

ಇದೇ ಗ್ರಂಥದಲ್ಲಿ ಇನ್ನೊಂದು ವಿಷಯವೂ ಇದೆ, ಅದನ್ನು ನಾವು ಮುಚ್ಚಿಡಬಾರದು. ಬಿಳಿ ಮಣ್ಣು ಬ್ರಾಹ್ಮಣರಿಗೆ, ಕೆಂಪು ಕ್ಷತ್ರಿಯರಿಗೆ, ಹಳದಿ ವೈಶ್ಯರಿಗೆ, ಕಪ್ಪು ಶೂದ್ರರಿಗೆ ಎಂದು ಅದು ನೆಲವನ್ನು ಹಂಚುತ್ತದೆ. ಬಡಗಲಿಗೆ ಇಳಿಜಾರಿದ್ದರೆ ಇಂಥವರಿಗೆ, ಪಡುವಲಿಗಿದ್ದರೆ ಇಂಥವರಿಗೆ ಎನ್ನುತ್ತದೆ. ಯಾರ ಮನೆ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೂ ಜಾತಿಯ ಲೆಕ್ಕ ಇದೆ. ನಮ್ಮ ಹಳ್ಳಿಗಳಲ್ಲಿ ದಲಿತರ ಕೇರಿ ಊರಾಚೆಗೆ, ಎಷ್ಟೋ ಕಡೆ ಊರ ಬಚ್ಚಲ ನೀರು ಹರಿದುಹೋಗುವ ತಗ್ಗಿಗೆ ಯಾಕೆ ಬಂತು ಅಂತ ಕೇಳಿದರೆ ಉತ್ತರ ದಿಕ್ಸೂಚಿಯಲ್ಲಿ ಸಿಗುವುದಿಲ್ಲ. ಒಳ್ಳೆ ನೆಲ ಯಾರು ಹಿಡಿದರು, ಉಳಿದ ನೆಲ ಯಾರಿಗೆ ಬಿಟ್ಟರು ಅನ್ನುವ ಇತಿಹಾಸದಲ್ಲಿ ಸಿಗುತ್ತದೆ. ಇವತ್ತಿನ ವಾಸ್ತುವಿನವರು ಈ ಭಾಗವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಭಾಗವನ್ನು ಹಳೆಯದು ಎಂದು ಬಿಡಬಹುದಾದರೆ ಇನ್ನೊಂದು ಭಾಗವನ್ನೂ ಕೇಳಿ ನೋಡುವ ಹಕ್ಕು ನಮಗಿದೆ.

ಅದೇ ಅಧ್ಯಾಯದಲ್ಲಿ ಮನಸ್ಸಿಗೆ ತಂಪೆರೆಯುವ ಮಾತೂ ಒಂದಿದೆ. ಯಾವ ನೆಲದಲ್ಲಿ ಯಾರ ಮನಸ್ಸು ನಲಿಯುತ್ತದೋ ಅವರಿಗೆ ಆ ನೆಲ ಶುಭ ಎನ್ನುವ ಅರ್ಥದ್ದು.

ಚೀನಾದವರ ಗಾಳಿ-ನೀರು

ಈಗ ನಮ್ಮ ಪೇಟೆಯ ಅಂಗಡಿಗಳಲ್ಲಿ ನಗುವ ಬುದ್ಧ, ಬಿದಿರು ಗಿಡ, ಕಿಣಿಕಿಣಿ ಅನ್ನುವ ಗಾಳಿಗಂಟೆ ಸಿಗುತ್ತವೆ. 'ಫೆಂಗ್ ಶೂಯಿ' ಎಂದು ಮಾರುತ್ತಾರೆ. ಹೆಸರಿನ ಅರ್ಥ ಗೊತ್ತೇ? ಫೆಂಗ್ ಅಂದರೆ ಗಾಳಿ, ಶೂಯಿ ಅಂದರೆ ನೀರು. ಅಷ್ಟೇ.

ಚೀನಾದಲ್ಲಿ ಇದು ಹುಟ್ಟಿದ್ದು ಮನೆಗಿಂತ ಹೆಚ್ಚಾಗಿ ಹಿರಿಯರ ಸಮಾಧಿಗೆ ಜಾಗ ಹುಡುಕುವ ವಿದ್ಯೆಯಾಗಿ. ಇದರ ಹೆಸರಾಂತ ಹಳೆ ಗ್ರಂಥವನ್ನು 4ನೇ ಶತಮಾನದ ಗುವೊ ಪು ಎಂಬುವವರ ಹೆಸರಿಗೆ ಹೇಳುತ್ತಾರೆ. ಗಾಳಿ ಸಿಕ್ಕರೆ ನೆಲದ ಜೀವಶಕ್ತಿ ಚದುರುತ್ತದೆ, ನೀರು ಸಿಕ್ಕರೆ ನಿಲ್ಲುತ್ತದೆ ಎನ್ನುವುದು ಅದರ ಸಾರ. ಹಾಗಾಗಿ ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ಮುಖ ತೆಂಕಲಿಗೆ.

ಹೌದು, ಅವರಿಗೆ ತೆಂಕಲೇ ಶ್ರೇಷ್ಠ. 1406ರಿಂದ 1420ರವರೆಗೆ ಕಟ್ಟಿದ ಬೀಜಿಂಗ್ ಅರಮನೆಯ ಮಹಾದ್ವಾರ ತೆಂಕಲಿಗಿದೆ. ಬಡಗಲಿಗೆ ಬೆಟ್ಟ ಇರಲಿಲ್ಲ ಅಂತ ಅರಮನೆಯ ಕಂದಕ ತೋಡಿದ ಮಣ್ಣನ್ನೇ ಹಿಂದೆ ಗುಡ್ಡೆ ಹಾಕಿ ಬೆಟ್ಟ ಮಾಡಿದರು. ದಿಕ್ಸೂಚಿಗೆ ಅವರು ಇಟ್ಟ ಹೆಸರೇ 'ತೆಂಕಲು ತೋರುವ ಸೂಜಿ'.

ಕಾರಣ ಸುಲಭ. ಚೀನಾದ ಬಡಗಲು ಸೀಮೆಯಲ್ಲಿ ಚಳಿಗಾಲ ಅಂದರೆ ಹಿಮಗಾಳಿ. ಅದು ಬಡಗಲಿಂದ ನುಗ್ಗುತ್ತದೆ, ಬಿಸಿಲು ತೆಂಕಲಿಂದ ಬರುತ್ತದೆ. ಗಾಳಿಗೆ ಬೆನ್ನು ಕೊಟ್ಟು ಬಿಸಿಲಿಗೆ ಮುಖ ಕೊಟ್ಟರು.

ನಮ್ಮ ಸೀಮೆಯ ಬಿಸಿಲು ಗಾಳಿಯೇ ಬೇರೆ. ಮುಂಗಾರಿನ ಗಾಳಿ ಬೀಸುವುದು ಪಡುವಲಿಂದ, ನೈಋತ್ಯದಿಂದ. ಬೇಸಿಗೆಯ ಸಂಜೆ ಬಿಸಿಲು ಕಾಯಿಸುವುದು ಪಡುವಲ ಗೋಡೆಯನ್ನು. ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಬಡಗಲಿಗೆ ಇರುತ್ತಾನೆ. ಉಳಿದ ಕಾಲ ತೆಂಕಲಿಗೆ. ಹಾಗಾಗಿ ಪುಷ್ಯ ಮಾಘದ ಚಳಿಯಲ್ಲಿ ತೆಂಕಲ ಜಗಲಿಗೆ ಎಳೆಬಿಸಿಲು ಬೀಳುತ್ತದೆ. ನಮ್ಮ ತಾತ ಆ ತಿಂಗಳುಗಳಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದದ್ದು ಈಗ ಮುಚ್ಚಿಹೋಗಿರುವ ಆ ಬಾಗಿಲ ಪಕ್ಕದಲ್ಲೇ.

ಆಗ್ನೇಯದಲ್ಲಿ ಒಲೆ ಇರಲಿ ಅನ್ನುವ ನಮ್ಮ ಮಾತಿಗೂ ಹೀಗೇ ಒಂದು ಅರ್ಥವಿತ್ತು. ಹುಲ್ಲಿನ ಮನೆಗಳ ಕಾಲದಲ್ಲಿ ಪಡುವಲ ಗಾಳಿ ಬೀಸುವಾಗ ಮೂಡಲ ಮೂಲೆಯ ಒಲೆಯ ಹೊಗೆ, ಕಿಡಿ ಮನೆಯಿಂದಾಚೆಗೆ ಹೋಗುತ್ತವೆ. ಈಗ ಮನೆಗೆ ಆರ್‌ಸಿಸಿ, ಒಲೆಗೆ ಗ್ಯಾಸು. ಅರ್ಥ ಕಳೆದುಹೋದ ಮೇಲೂ ನಿಯಮ ಉಳಿಯಿತು. ಉಳಿದರೆ ಉಳಿಯಲಿ, ಆದರೆ ಅದಕ್ಕಾಗಿ ಸಾಲ ಮಾಡಿ ಗೋಡೆ ಒಡೆಯಬೇಕೇ?

ಆಯದ ಲೆಕ್ಕ ನೀವೇ ಮಾಡಿ ನೋಡಿ

ದಿಕ್ಕು ಆಯಿತು, ಇನ್ನು ಅಳತೆ. ನಮ್ಮ ಕಡೆ ಆಯ ನೋಡದೆ ಪಾಯ ಹಾಕುವವರು ಕಡಿಮೆ. ಲೆಕ್ಕದ ಪದ್ಧತಿ ಒಬ್ಬೊಬ್ಬರದು ಒಂದೊಂದು. ಹೆಚ್ಚು ಬಳಕೆಯಲ್ಲಿರುವುದು ಹೀಗೆ: ಮನೆಯ ಉದ್ದ, ಅಗಲಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಿ. ಉಳಿದ ಶೇಷವೇ ಆಯ. 1 ಉಳಿದರೆ ಧ್ವಜಾಯ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ, 7 ಗಜ, ಏನೂ ಉಳಿಯದಿದ್ದರೆ ಕಾಕ. ಬಾವುಟ, ಸಿಂಹ, ಎತ್ತು, ಆನೆ ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ ಆಗದವು. ಅಂದರೆ ಬೆಸ ಶೇಷ ಬಂದರೆ ಒಳ್ಳೆಯದು, ಸಮ ಬಂದರೆ ಕೆಟ್ಟದ್ದು.

ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. 9ರಿಂದ ಗುಣಿಸುವ ಅಗತ್ಯವೇ ಇಲ್ಲ, ಗುಣಿಸದಿದ್ದರೂ ಶೇಷ ಅಷ್ಟೇ ಬರುತ್ತದೆ. 29 ಅಡಿ ಅಗಲ 39 ಅಡಿ ಉದ್ದದ ಮನೆ: 1131. 8ರಿಂದ ಭಾಗಿಸಿದರೆ ಉಳಿಯುವುದು 3, ಸಿಂಹಾಯ. 9ರಿಂದ ಗುಣಿಸಿದರೆ 10179, ಆಗಲೂ ಉಳಿಯುವುದು 3.

ಈಗ 30-40 ಸೈಟು: 1200, ಉಳಿಯುವುದು ಸೊನ್ನೆ. ಕಾಕಾಯ. ಬಡವರಿಗೆ ಹಂಚುವ 20-30 ಸೈಟು: 600, ಅದೂ ಸೊನ್ನೆ. ದೊಡ್ಡವರ 40-60: ಅದೂ ಸೊನ್ನೆ. ಅಳತೆಯ ಎರಡೂ ಬದಿ ಬೆಸ ಅಡಿ ಇಲ್ಲದೆ ಒಳ್ಳೆ ಆಯ ಬರುವುದೇ ಇಲ್ಲ. ಅದಕ್ಕೇ ಮೇಸ್ತ್ರಿಗಳು 30ಕ್ಕೆ 29 ಹಿಡಿಯುವುದು, 40ಕ್ಕೆ 39 ಹಿಡಿಯುವುದು. ಇದರಿಂದ ಯಾರಿಗೂ ತೊಂದರೆಯಿಲ್ಲ. ಕಟ್ಟುವ ಮೊದಲು ಟೇಪು ಒಂದಡಿ ಹಿಂದೆ ಸರಿದರೆ ಮುಗಿಯಿತು, ಪಕ್ಕದ ಮನೆಗೆ ಗಾಳಿಗೂ ಜಾಗ ಆಯಿತು.

ತೊಂದರೆ ಬರುವುದು ಕಟ್ಟಿದ ಮನೆಯನ್ನು ಅಳೆದು ಹೆದರಿಸಿದಾಗ. ಆಗ ಈ ಲೆಕ್ಕ ಮಾಡಿ. ಒಂದು ಮನೆ 27 ಅಡಿ ಅಗಲ, 39 ಅಡಿ ಉದ್ದ. 1053, ಉಳಿಯುವುದು 5, ವೃಷಭಾಯ, ಬಹಳ ಒಳ್ಳೆಯದು. ನಮ್ಮ ಹಿರಿಯರಿಗೆ ಅಡಿ ಟೇಪು ಇರಲಿಲ್ಲ, ಅವರು ಮೊಳದಲ್ಲಿ ಅಳೆಯುತ್ತಿದ್ದರು. ಮೊಳಕ್ಕೆ ಒಂದೂವರೆ ಅಡಿ. ಅದೇ ಮನೆ 18 ಮೊಳ ಅಗಲ, 26 ಮೊಳ ಉದ್ದ. 468, ಉಳಿಯುವುದು 4, ಶ್ವಾನಾಯ. ಮನೆ ಅದೇ, ಗೋಡೆ ಅದೇ, ಮಲಗುವ ಜನ ಅದೇ. ಟೇಪು ಬದಲಾದರೆ ಎತ್ತು ನಾಯಿಯಾಯಿತು. ಇನ್ನು ಮೀಟರಿನಲ್ಲಿ ಅಳೆದರೆ ಏನಾಗುತ್ತದೋ ನೀವೇ ನೋಡಿಕೊಳ್ಳಿ.

ನೀರು ಸುತ್ತಿದ ಊರು ಬರಿದಾದ ಕಥೆ

ದಿಕ್ಕು, ಅಳತೆ ಎಲ್ಲ ಸರಿಯಿದ್ದರೂ ಊರೊಂದು ಬರಿದಾಗಬಹುದು. ಅದಕ್ಕೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸುತ್ತ ಕಾವೇರಿ, ನಡುವೆ ದ್ವೀಪ, ಒಳಗೆ ರಂಗನಾಥ, ಸುತ್ತ ಕೋಟೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ನೋಡಿ: ಎತ್ತರದ ಜಗಲಿ, ನಾಲ್ಕೂ ಕಡೆ ಅಗಲವಾದ ಪಡಸಾಲೆ, ಸುತ್ತ ತೋಟ. ಬಿಸಿಲು ನೇರ ಗೋಡೆಗೆ ಬೀಳದ ಹಾಗೆ ಮಾಡಿದ ತಂಪು ಮನೆ.

1799ರ ಮೇ 4ರಂದು ಟಿಪ್ಪು ಸತ್ತು ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ದ್ವೀಪದ ಜನಸಂಖ್ಯೆ ಸುಮಾರು 32 ಸಾವಿರ ಎಂದು ಬರೆದ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಇದ್ದಿರಬೇಕೆಂದು ಅವನ ಅಂದಾಜು. 1852ರ ಹೊತ್ತಿಗೆ ಉಳಿದದ್ದು 13 ಸಾವಿರಕ್ಕೂ ಕಡಿಮೆ. ರಾಜಧಾನಿ ಹೋದದ್ದು ಒಂದು ಕಾರಣ, ಇನ್ನೊಂದು ಚಳಿಜ್ವರ. ಜ್ವರ ತಡೆಯಲಾರದೆ ಇಂಗ್ಲಿಷರ ಸೈನ್ಯವೇ 1809ರಲ್ಲಿ ಬೆಂಗಳೂರಿಗೆ ಎದ್ದುಹೋಯಿತು.

ಆ ಜ್ವರಕ್ಕೆ ಕೆಟ್ಟ ಗಾಳಿ ಕಾರಣ ಎಂದೇ ಆಗ ಎಲ್ಲರೂ ನಂಬಿದ್ದರು, ಓದಿದ ಇಂಗ್ಲಿಷರೂ ಸೇರಿದಂತೆ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಲಾವೆರಾನ್ ರಕ್ತದಲ್ಲಿ ಅದರ ಜೀವಿ ಕಂಡ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ. ನೂರು ವರ್ಷ ಊರು ಖಾಲಿ ಮಾಡಿಸಿದ್ದು ಬಾಗಿಲ ಮುಂದೆ ನಿಂತ ನೀರಿನ ಸೊಳ್ಳೆ. ಬಾಗಿಲು ತಿರುಗಿಸಿದ್ದರೆ ಆ ಸಾವು ನಿಲ್ಲುತ್ತಿರಲಿಲ್ಲ, ನಿಂತ ನೀರು ಹರಿಸಿದ್ದರೆ ನಿಲ್ಲುತ್ತಿತ್ತು.

ಕನ್ನಂಬಾಡಿ ಕಲಿಸಿದ್ದು

ಇನ್ನೊಂದು ಊರು ನೀರಿನಿಂದಲೇ ಎದ್ದುಹೋಯಿತು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆಯ ಕೆಲಸ ಶುರುವಾದಾಗ ಕನ್ನಂಬಾಡಿ ಮತ್ತು ಸುತ್ತಲಿನ ಹಳ್ಳಿಗಳ ಜನ ಮನೆ, ಗುಡಿ, ಹಿರಿಯರ ಸಮಾಧಿ ಬಿಟ್ಟು ಬೇರೆ ನೆಲಕ್ಕೆ ಹೋದರು. ಅವರ ಮನೆಗಳಲ್ಲೂ ಆಯ ನೋಡಿಸಿದ್ದರು, ಒಳ್ಳೆ ಗಳಿಗೆಯಲ್ಲಿ ಹೊಸಿಲು ಇಟ್ಟಿದ್ದರು. ಮೂಡಲ ಬಾಗಿಲ ಮನೆಯೂ ಮುಳುಗಿತು, ತೆಂಕಲ ಬಾಗಿಲ ಮನೆಯೂ ಮುಳುಗಿತು. ಊರ ಗುಡಿಯ ವೇಣುಗೋಪಾಲಸ್ವಾಮಿಯ ದೇವಸ್ಥಾನವೂ ಹಿನ್ನೀರಿನೊಳಗೆ ಹೋಯಿತು. ಬರಗಾಲದಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತಿದ್ದ ಆ ಗುಡಿಯ ಕಲ್ಲುಗಳನ್ನು ಈ ಶತಮಾನದಲ್ಲಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಈಗ ಜನ ರಜೆ ದಿನ ನೋಡಲು ಹೋಗುತ್ತಾರೆ.

ಅದೇ ನೀರು ನಾಲೆಯಲ್ಲಿ ಹರಿದು ಮಂಡ್ಯದ ನೆಲಕ್ಕೆ ಕಬ್ಬು ಭತ್ತ ತಂದಿತು. ನಾಗಮಂಗಲದ ಒಣಭೂಮಿಯ ರೈತ ಮಾತ್ರ ಬಹಳ ಕಾಲ ಮಳೆ ನೋಡಿಕೊಂಡೇ ಕೂತ. ನಾಲೆ ಬಯಲಿನವನು ಸ್ಥಿತಿವಂತನಾದದ್ದಕ್ಕೂ ಒಣಭೂಮಿಯವನು ಬೆಂಗಳೂರಿನ ಬಸ್ಸು ಹತ್ತಿದ್ದಕ್ಕೂ ಬಾಗಿಲು ಕಾರಣವಲ್ಲ. ನೀರು ಯಾರ ಹೊಲಕ್ಕೆ ಬಂತು, ಯಾರ ಹೊಲಕ್ಕೆ ಬರಲಿಲ್ಲ ಅನ್ನುವುದು ಕಾರಣ. ನಮ್ಮ ದೊಡ್ಡಪ್ಪನ ಬೋರು ಫೇಲಾದದ್ದೂ ನೆಲದೊಳಗಿನ ನೀರು ಬತ್ತಿದ್ದಕ್ಕೆ.

ಭಯ ಎಲ್ಲಿಂದ ಬಂತು?

ದಿಕ್ಕಿನ ನಂಬಿಕೆ ಹಳೆಯದು. ಕಟ್ಟಿದ ಮನೆ ಒಡೆಯುವ ಭಯ ಇತ್ತೀಚಿನದು. ನಮ್ಮ ಬಾಲ್ಯದಲ್ಲಿ ಗಳಿಗೆ ನೋಡುವವರು ಊರಿಗೊಬ್ಬರಿದ್ದರು, ಎಲೆ ಅಡಿಕೆ ದಕ್ಷಿಣೆ ಇಟ್ಟರೆ ಮುಗಿಯುತ್ತಿತ್ತು. ಆಮೇಲೆ ಪುಸ್ತಕ ಬಂದವು, ಬೆಳಿಗ್ಗೆ ಟಿವಿ ಕಾರ್ಯಕ್ರಮ ಬಂದವು, ಈಗ ಫೋನಿನಲ್ಲಿ ವಿಡಿಯೊ. ಸೈಟು ಮಾರುವವರೂ 'ಈಸ್ಟ್ ಫೇಸಿಂಗ್' ಅಂತ ಹೆಚ್ಚು ಬೆಲೆ ಕೇಳತೊಡಗಿದರು. ತೊಟ್ಟಿ ಹೋಯಿತು, ಮನೆ ಪಕ್ಕಕ್ಕೆ ಮನೆ ಅಂಟಿತು, ಬೆಳಕಿಗೆ ಉಳಿದದ್ದು ಮುಂದಿನ ಬಾಗಿಲೊಂದೇ. ಎಲ್ಲ ಭಯವೂ ಆ ಒಂದು ಬಾಗಿಲಿಗೆ ಬಂದು ಸೇರಿತು.

ದೊಡ್ಡವರಿಗೂ ಈ ಭಯ ತಪ್ಪಿದ್ದಲ್ಲ. ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕೊಠಡಿಯ ಬಾಗಿಲೊಂದನ್ನು ವಾಸ್ತು ಸರಿಯಿಲ್ಲ ಅಂತ ಮುಚ್ಚಿಸಿದ್ದರು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ಅದನ್ನು ತೆಗೆಸಿ ಅದರಲ್ಲೇ ಓಡಾಡಿದರು. ಒಳ್ಳೆ ಮನಸ್ಸು, ಒಳ್ಳೆ ಗಾಳಿ ಬೆಳಕು ಇದ್ದರೆ ಅದೇ ವಾಸ್ತು ಎನ್ನುವ ಅರ್ಥದಲ್ಲಿ ಮಾತಾಡಿದರು.

ನೀವು ಮನೆ ಕಟ್ಟುವವರಾದರೆ ಪೂಜೆ ಮಾಡಿಸಿ, ಆಯ ನೋಡಿಸಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ನಮ್ಮ ಹಿರಿಯರು ಕೇಳುತ್ತಿದ್ದದ್ದನ್ನೂ ಕೇಳಿ. ಈ ಜಾಗ ಹಿಂದೆ ಹಳ್ಳವಾಗಿತ್ತೇ, ಕೆರೆ ಅಂಗಳವೇ, ಕೋಡಿ ನೀರಿನ ದಾರಿಯೇ? ಊರಿನ ವಯಸ್ಸಾದವರನ್ನು ಕೇಳಿ, ಸರ್ವೆ ನಕ್ಷೆ ನೋಡಿ. 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕೆರೆಗಳು ಉಕ್ಕಿ ಮನೆಗಳಿಗೆ ನೀರು ನುಗ್ಗಿದ್ದನ್ನು ಮರೆಯಬೇಡಿ. ಪಡುವಲ ಗೋಡೆಗೆ ನೆರಳು ಇದೆಯೇ? ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಲು ಎದುರುಬದುರು ಕಿಟಕಿ ಇದೆಯೇ? ಕುಡಿಯುವ ನೀರಿನ ಬಾವಿ ಬೋರಿಗೂ ಪಾಯಿಖಾನೆ ಗುಂಡಿಗೂ ನಡುವೆ ಕನಿಷ್ಠ 50 ಅಡಿ ಇದೆಯೇ? ಈಶಾನ್ಯದಲ್ಲೇ ಬೋರು ಇರಲಿ, ಆದರೆ ಪಕ್ಕದ ಮನೆಯವರ ಗುಂಡಿ ಅದರ ಬುಡದಲ್ಲಿದ್ದರೆ ಆ ನೀರು ಕುಡಿದ ಮಕ್ಕಳಿಗೆ ವಾಂತಿ ಭೇದಿ ತಪ್ಪುವುದಿಲ್ಲ.

ಈಗಾಗಲೇ ಕಟ್ಟಿದ ಮನೆಯ ಬಾಗಿಲು ಸರಿಯಿಲ್ಲ ಅಂತ ಯಾರಾದರೂ ಹೇಳಿದರೆ ಸಾಲ ಮಾಡುವ ಮುಂಚೆ ಅದೇ ಬೀದಿಯ ಅದೇ ಸಾಲಿನ ಮನೆಗಳನ್ನೊಮ್ಮೆ ನೋಡಿ. ನಮ್ಮ ದೊಡ್ಡಪ್ಪನ ಸಾಲಿನಲ್ಲಿ ಒಂಬತ್ತು ಮನೆಗಳಿವೆ, ಒಂಬತ್ತಕ್ಕೂ ತೆಂಕಲ ಬಾಗಿಲು. ಒಂದು ಮನೆಯಲ್ಲಿ ಮಗ ಇಂಜಿನಿಯರು, ಒಂದರಲ್ಲಿ ಕುಡಿದು ಜಮೀನು ಕಳೆದವನಿದ್ದಾನೆ, ಒಂದರಲ್ಲಿ ತೊಂಬತ್ತು ದಾಟಿದ ಅಜ್ಜಿ ಇನ್ನೂ ಮುದ್ದೆ ತಿರುವುತ್ತಾರೆ. ಬಾಗಿಲು ಒಂದೇ ಕಡೆ, ಬಾಳು ಒಂಬತ್ತು ಥರ.

ಇದನ್ನೆಲ್ಲ ಮೊನ್ನೆ ದೊಡ್ಡಪ್ಪನ ಮುಂದೆ ಹೇಳಿದೆವು. ಅವರು ಏನೂ ಮಾತಾಡಲಿಲ್ಲ. ದೊಡ್ಡಮ್ಮ ಮಾತಾಡಿದರು. "ಬಾಗ್ಲು ಬ್ಯಾಡ ಬುಡ್ರಪ್ಪ, ಇನ್ನೊಂದ್ ಸಾಲ ಯಾರ್ ತೀರ್ಸರು. ಅಲ್ಲೊಂದ್ ಕಿಟ್ಕಿನಾದ್ರೂ ಮಡ್ಗ್ಸಿ. ಬೀದೀಲಿ ಯಾರ್ ಹೋಯ್ತಾವ್ರೆ, ಯಾರ್ ಬತ್ತಾವ್ರೆ ಅಂತ ಒಂದೂ ಕಾಣದಿಲ್ಲ ನಂಗೆ."

ಹಬ್ಬ ಕಳೆದ ಮೇಲೆ ಮೇಸ್ತ್ರಿ ಬರುತ್ತಾರೆ. ಮೂರಡಿ ಅಗಲದ ಕಿಟಕಿ, ತೆಂಕಲಿಗೆ.